ಟಿಕೆಟ್ ಕೇಳದೆ ಬಿಟ್ಟ ಗುಳಿಗೆ

ಜನರನ್ನು ನಂಬದೇ ಇರುವುದಕ್ಕೇ ನನಗೆ ಸಂಬಳ. ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು ನಾನು. ಕುಳಗೇರಿ ಕ್ರಾಸಿನಲ್ಲೋ ಹುನಗುಂದದ ಹೊರಗಿನ ತಿರುವಿನಲ್ಲೋ ಇಬ್ಬರು ನಿಂತು ಕೈ ಅಡ್ಡ ಮಾಡುತ್ತೇವೆ. ಬಸ್ಸು ನಿಂತೊಡನೆ ಒಬ್ಬರು ಮುಂದಿನ ಸೀಟಿನಿಂದ, ಇನ್ನೊಬ್ಬರು ಹಿಂದಿನ ಸೀಟಿನಿಂದ ಶುರು ಮಾಡಿ ನಡುವೆ ಸೇರುತ್ತೇವೆ. ಕಣ್ಣು ಮುಚ್ಚಿ ಗೊರಕೆ ಹೊಡೆಯುವವನ ಗೊರಕೆ ಖರೆಯೋ ಸುಳ್ಳೋ ಎಂಬುದು ನನಗೆ ಗೊತ್ತಾಗುತ್ತದೆ. ಮಗನ ವಯಸ್ಸು ಕೇಳಿದಾಗ ತಾಯಿ ಮೊದಲು ಮಗನ ಮುಖ ನೋಡಿದಳೆಂದರೆ, ಹೇಳುವ ವಯಸ್ಸು ಸುಳ್ಳು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲೂ ನಮ್ಮ ಕೆಲಸ ಕಡಿಮೆಯಾಗಿಲ್ಲ. ಆಧಾರ್ ಕಾರ್ಡಿನ ಫೋಟೊಕ್ಕೂ ಎದುರಿನ ಮುಖಕ್ಕೂ ತಾಳೆ ನೋಡಬೇಕು. ಇಷ್ಟು ವರ್ಷ ಇದನ್ನೇ ಮಾಡಿದ ಮೇಲೆ, ಮನೆಗೆ ಬಂದು ಅಂಗಿ ಬಿಚ್ಚಿದರೂ ಸಂಶಯ ಮೈಮೇಲೇ ಉಳಿಯುತ್ತದೆ.

ಇದೇ ಸ್ವಭಾವ ಇಟ್ಟುಕೊಂಡು ನಾನು ರೋಗಿಯೂ ಆದೆ. ಯಾರನ್ನೂ ನಂಬದ ರೋಗಿಯ ಜೊತೆ ಸಂಸಾರ ಮಾಡುವುದು ಹೇಗಿರುತ್ತದೆಂದು ನನ್ನ ಹೆಂಡತಿ ಸುವರ್ಣಾಳನ್ನು ಕೇಳಬೇಕು. ಅವಳು ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ತುಟಿ ಬಾತುಕೊಂಡು, ಕೈಯಲ್ಲಿ ದಪ್ಪ ಫೈಲು ಹಿಡಿದು ದವಾಖಾನೆಯ ಬೆಂಚಿನ ಮೇಲೆ ಕುಳಿತವರು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ.

ಧೂಳು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಾನು ಹುಟ್ಟಿದ್ದು ಇಳಕಲ್ಲಿನಲ್ಲಿ. ಅಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಬಿಳಿ ಪುಡಿ ಬೇವಿನ ಎಲೆಯ ಮೇಲೂ ಕೂತಿರುತ್ತದೆ. ಸಾಲಿಗೆ ಹೋಗುವಾಗಲೇ ಸೀನು ಶುರುವಾದರೆ ನಿಲ್ಲುತ್ತಿರಲಿಲ್ಲ. ಮೈಮೇಲೆ ಕೆಂಪಗೆ ಗಾದರಿ, ಅಂದರೆ ತುರಿಸುವ ದದ್ದು, ಏಳುತ್ತಿದ್ದವು. ಅವ್ವ ಕರಿ ಕಂಬಳಿ ಹೊದಿಸಿ ಉಜ್ಜುತ್ತಿದ್ದಳು. ನೌಕರಿಗೆ ಸೇರಿದ ಮೇಲೆ ಕಂಬಳಿಯ ಜಾಗಕ್ಕೆ ಒಂದು ಸಣ್ಣ ಬಿಳಿ ಗುಳಿಗೆ ಬಂತು. ನುಂಗಿದರೆ ಗಾದರಿ ಇಳಿಯುತ್ತಿದ್ದವು, ಜೊತೆಗೆ ಕಣ್ಣೂ ಎಳೆಯುತ್ತಿದ್ದವು. ಪ್ರಯಾಣಿಕರು ಸುಳ್ಳು ನಿದ್ದೆ ಮಾಡುವ ಬಸ್ಸಿನಲ್ಲಿ ತಪಾಸಣೆಗೆ ಬಂದವನು ಖರೆ ನಿದ್ದೆಯಲ್ಲಿ ತೂಗುವುದನ್ನು ಕಂಡು ನನ್ನ ಜೊತೆಗಾರ ನದಾಫ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಷ್ಟಾದರೂ ಅದು ಸಹಿಸಿಕೊಳ್ಳುವಂಥ ತೊಂದರೆಯೇ ಆಗಿತ್ತು. ಎಲ್ಲರಿಗೂ ಒಂದಿಲ್ಲೊಂದು ಇರುತ್ತದಲ್ಲ, ನನಗೆ ಇದು ಎಂದುಕೊಂಡಿದ್ದೆ.

ಬಾವು ಬಂದದ್ದು ಬಾದಾಮಿಯ ಬಸ್ ನಿಲ್ದಾಣದಲ್ಲಿ, ಬೆಳಗಿನ ಹೊತ್ತು. ಮೇಲ್ತುಟಿಯಲ್ಲಿ ಇರುವೆ ಹರಿದಂತಾಯಿತು. ಒರೆಸಿಕೊಂಡೆ, ಇರುವೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿಗಿದ್ದ ನದಾಫನ ಮುಖವೇ ಬದಲಾಯಿತು.

“ಲೇ ಬಸು, ಯಾರ ಹೊಡದ್ರಲೇ ನಿನಗ?”

ನಿಲ್ದಾಣದ ಹೋಟೆಲಿನ ಕನ್ನಡಿಯಲ್ಲಿ ನೋಡಿಕೊಂಡರೆ ತುಟಿ ಮೂಗಿನವರೆಗೆ ಉಬ್ಬಿತ್ತು. ಗಾದರಿ ಇಲ್ಲ, ತುರಿಕೆ ಇಲ್ಲ, ಬರೀ ಬಾವು. ನದಾಫ್ ದವಾಖಾನೆಗೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದ. ಮರುದಿನ ಇಳಿಯಿತು. ಅಷ್ಟರಲ್ಲಿ ಒಬ್ಬ ಕಂಡಕ್ಟರ್ ನನ್ನ ಮುಖಕ್ಕೆ ಗುದ್ದಿದ್ದಾನೆ ಎಂಬ ಸುದ್ದಿ ಡಿಪೋದಿಂದ ಡಿಪೋಗೆ ಹರಡಿತ್ತು. ಬಹಳ ಜನರಿಗೆ ಖುಷಿಯಾಗಿತ್ತು ಎಂದೂ ಕೇಳಿದೆ.

ಆ ಮೇಲೆ ಅದು ಬರುತ್ತಲೇ ಹೋಯಿತು. ಒಮ್ಮೆ ಕೆಳದುಟಿ, ಒಮ್ಮೆ ಒಂದು ಕಣ್ಣು, ಒಮ್ಮೆ ನಾಲಿಗೆಯ ಒಂದು ಬದಿ. ನಾಲಿಗೆ ಬಾತ ದಿನ ನಾನು ಮೊದಲ ಸಲ ಖರೆಖರೆ ಹೆದರಿದೆ. ತುಟಿ ಬಾತರೆ ಜನ ನಗುತ್ತಾರೆ, ಅಷ್ಟೇ. ನಾಲಿಗೆಯ ಹಿಂದೆ ಗಂಟಲಿದೆ, ಗಂಟಲೊಳಗೆ ಉಸಿರಿದೆ. ಬಾಗಲಕೋಟೆಯ ಡಾಕ್ಟರು, ವಯಸ್ಸಾದವರು, ಮಾತು ಕಡಿಮೆ, ಅದನ್ನೇ ಹೇಳಿದರು. “ಗಂಟಲಾಗ ಬಂದ್ರ ತಡಾ ಮಾಡಬ್ಯಾಡ್ರಿ. ಎಲ್ಲಿದ್ರೂ ಹತ್ತಿರದ ದವಾಖಾನಿಗೆ ಓಡ್ರಿ.” ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ನನ್ನ ಗಂಟಲು ಮುಚ್ಚಲು ಹೊಂಚು ಹಾಕಿರುವುದು ಯಾವುದು? ಅದು ಮುಚ್ಚುವುದರೊಳಗೆ ಅದನ್ನು ನಾನು ಹಿಡಿಯಬೇಕು.

ದವಾಖಾನೆಯ ಬೆಂಚಿನ ಮೇಲೆ ಕೂತು ಕೂತು ಆ ಗೋಡೆಯ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂಬುದು ನನಗೆ ಪಾಠವಾಗಿತ್ತು. ಪಕ್ಕದಲ್ಲಿ ಕೂತವರೆಲ್ಲ ಕೇಳುವುದು ಒಂದೇ. “ಏನ ತಿಂದಿದ್ರಿ?” ಡಾಕ್ಟರೂ ಅದನ್ನೇ ಕೇಳುತ್ತಿದ್ದರು. ಬದನೆಕಾಯಿ ಬಿಡಿ ಎಂದರು, ಬಿಟ್ಟೆ. ಮೊಟ್ಟೆ ಬಿಟ್ಟೆ, ಮೊಸರು ಬಿಟ್ಟೆ. “ಬ್ಯಾರೆ ಔಷಧ ಏನರ ನಡದೈತೇನ್ರಿ?” ಎಂದು ಕೇಳಿದಾಗ “ಏನಿಲ್ರಿ, ನೀವು ಕೊಟ್ಟದ್ದ ಅಷ್ಟ” ಎಂದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿ “ಬಿ.ಪಿ. ಚಂದ ಐತಿ” ಎಂದರು. ಚಂದ ಇರುವುದು ಏನಾದರೂ ಒಂದು ಇದೆಯಲ್ಲ ಎಂದು ಸಮಾಧಾನಪಟ್ಟೆ.

ಕೊನೆಗೆ ಅವರು ಸ್ಟಿರಾಯ್ಡ್ ಗುಳಿಗೆ ಬರೆದರು. ಬಾವು ತೀರಾ ನಿಲ್ಲಲಿಲ್ಲ, ಆದರೆ ಕಡಿಮೆಯಾದಂತೆ ಕಂಡಿತು. ಆದದ್ದು ಅದರಿಂದಲೋ, ಅದರ ಪಾಡಿಗೆ ಅದು ಇಳಿಯಿತೋ ಯಾರಿಗೂ ಗೊತ್ತಿಲ್ಲ. ತಿಂಗಳುಗಟ್ಟಲೆ ನುಂಗಿದೆ. ಹಸಿವೆಂದರೆ ಹಸಿವು. ಬಿಡದೆ ತಿಂದೆ, ತಿನ್ನಲು ಉಳಿದದ್ದು ಅನ್ನ ಮತ್ತು ತಿಳಿ ಸಾರು ಮಾತ್ರವಾದರೂ. ಕೆನ್ನೆ ತುಂಬಿಕೊಂಡವು, ಹೊಟ್ಟೆ ಬಂತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಓಣಿಯ ಜನ ಎದುರಿಗೆ ಸಿಕ್ಕಾಗ “ಮೈ ಹಿಡದೀರಿ ನೋಡ್ರಿ ಈಗ, ಸಾಹೇಬ್ರ ಕಳಾ ಬಂದೈತಿ” ಎಂದು ಹೊಗಳುತ್ತಿದ್ದರು. ನಾನು ರೋಗಿಷ್ಟನಾಗುತ್ತಾ ಹೋದಂತೆ ಊರಿಗೆಲ್ಲ ಆರೋಗ್ಯವಂತನಾಗಿ ಕಂಡೆ. ಹುನಗುಂದದ ದಾರಿಯಲ್ಲಿ ಒಬ್ಬ ಹೊಸ ಕಂಡಕ್ಟರ್ ನನ್ನ ಗುರುತಿನ ಚೀಟಿ ತೆಗೆದುಕೊಂಡು ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. “ಇದು ನಿಮ್ದ ಏನ್ರಿ ಸರ್?” ನದಾಫ್ ನಡುವೆ ಬಂದು ಸಾಕ್ಷಿ ಹೇಳಬೇಕಾಯಿತು.

ರಕ್ತದಲ್ಲಿ ಸಕ್ಕರೆ ಏರತೊಡಗಿತು. ಹೊಟ್ಟೆ ಉರಿಗೆ ಇನ್ನೊಂದು ಗುಳಿಗೆ ಸೇರಿತು. ಬಾವಿಗೊಂದು, ಬಾವಿನ ಗುಳಿಗೆ ಮಾಡಿದ ಉರಿಗೊಂದು, ನಾಳೆ ಸಕ್ಕರೆಗೊಂದು. ಇದಕ್ಕೆ ಕೊನೆ ಎಲ್ಲಿ? ಮೆಡಿಕಲ್ ಅಂಗಡಿಯವನು ಹೊಸ ಕಂಪನಿಯ ಗುಳಿಗೆ ಕೊಟ್ಟು “ಎಲ್ಲಾ ಒಂದ ಬಿಡ್ರಿ” ಎಂದರೆ ಅವನ ಕಣ್ಣು ನೋಡುತ್ತಿದ್ದೆ. ಒಂದೇ ಆದರೆ ಬಣ್ಣ ಯಾಕೆ ಬೇರೆ? ಡಾಕ್ಟರಿಗೂ ಅಂಗಡಿಗೂ ಏನು ಸಂಬಂಧ? ನನ್ನನ್ನು ಕಾಯಂ ಗಿರಾಕಿ ಮಾಡಿಕೊಂಡಿದ್ದಾರೆ ಎಂಬ ಅನುಮಾನ ದಿನೇ ದಿನೇ ಗಟ್ಟಿಯಾಯಿತು. ಕೇಳಿದರೆ ಡಾಕ್ಟರು, “ಕಾರಣ ಸಿಗೂತನ ಇದನ್ನ ಬಿಡಾಕ ಬರಾಂಗಿಲ್ರಿ” ಎಂದರು. ಕಾರಣ ಹುಡುಕುವುದು ಯಾರ ಕೆಲಸ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅದು ನನ್ನ ಕೆಲಸ ಎಂದು ನಾನೇ ತೀರ್ಮಾನಿಸಿಕೊಂಡೆ.

ತಪಾಸಣೆ ಅಡುಗೆಮನೆಯಿಂದ ಶುರುವಾಯಿತು. ನಮ್ಮ ಕಡೆ ಶೇಂಗಾ ಇಲ್ಲದ ಊಟ ಊಟವೇ ಅಲ್ಲ. ಪಲ್ಯಕ್ಕೆ ಶೇಂಗಾ ಪುಡಿ, ರೊಟ್ಟಿಗೆ ಶೇಂಗಾ ಹಿಂಡಿ, ಒಗ್ಗರಣೆಗೂ ಅದೇ ಎಣ್ಣೆ. ನನಗೆ ಅದರ ಮೇಲೆ ಬಲವಾದ ಗುಮಾನಿ. ಇನ್ನು ಮನೆಯಲ್ಲಿ ಶೇಂಗಾ ಇರಕೂಡದು ಎಂದೆ. ಸುವರ್ಣಾ ಡಬ್ಬಿಯನ್ನೆತ್ತಿ ಪಕ್ಕದ ಮನೆಯ ಕಸ್ತೂರವ್ವನಿಗೆ ಕೊಟ್ಟುಬಂದಳು. ಆದರೂ ನನಗೆ ನಂಬಿಕೆ ಹುಟ್ಟಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗುತ್ತಿದ್ದೆ. ಡಬ್ಬಿಗಳ ಮುಚ್ಚಳ ತೆಗೆದು ಮೂಸುತ್ತಿದ್ದೆ. ಒಮ್ಮೆ ಮಿಕ್ಸರಿನ ಅಡಿಯಲ್ಲಿ ಒಂದು ಶೇಂಗಾ ಸಿಪ್ಪೆ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ಹಿಡಿದೆ.

“ಇದು ಏನು?”

“ಹಳೀದು. ಮಿಕ್ಸರ್ ಒರಸುವಾಗ ನೋಡಿಲ್ಲ.” ಸಿಪ್ಪೆಯನ್ನು ನನ್ನ ಅಂಗೈಯಿಂದ ಎತ್ತಿಕೊಂಡು ಹೇಳಿದಳು: “ಇದು ಅಡಗಿಮನಿ ಐತ್ರಿ. ಬಸ್ಸಲ್ಲ.”

ಒಂದು ಮಧ್ಯಾಹ್ನ ಬೇಗ ಬಂದೆ, ಅವಳು ಮನೆಯಲ್ಲಿರಲಿಲ್ಲ. ಕಸ್ತೂರವ್ವನ ಮನೆಯ ಕಿಟಕಿಯಲ್ಲಿ ಇಣುಕಿದರೆ ಸುವರ್ಣಾ ನೆಲದ ಮೇಲೆ ಕೂತು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಉಣ್ಣುತ್ತಿದ್ದಳು. ಅವಳ ಮುಖದಲ್ಲಿದ್ದ ಸುಖ ನೋಡಿ ನನಗೆ ಮೊದಲು ಸಿಟ್ಟು ಬಂತು, ಆ ಮೇಲೆ ಬಾಯಲ್ಲಿ ನೀರು ಬಂತು. ನನ್ನನ್ನು ಕಂಡೊಡನೆ ಅವಳ ಕೈ ತಾಟಿನ ಮೇಲೇ ನಿಂತಿತು. “ಕೈ ಸಾಬಾಣ ಹಚ್ಚಿ ತೊಳಕೊಂಡ ಬರ್ತೇನಿ, ದಿನಾ ಹಂಗ ಮಾಡ್ತೇನಿ” ಎಂದಳು. ಕಸ್ತೂರವ್ವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಶೇಂಗಾ ಬಿಟ್ಟರೂ ಬಾವು ಬಿಡಲಿಲ್ಲ. ಹಾಗಾದರೆ ಅವಳ ಕೈಗೆ ಅಂಟಿಕೊಂಡು ಬರುತ್ತಿದೆ ಎಂದು ವಾದಿಸಿದೆ. ನನ್ನ ಅನುಮಾನಕ್ಕೆ ಸಾಕ್ಷಿ ಸಿಗದಿದ್ದಾಗ ಅನುಮಾನ ಇನ್ನಷ್ಟು ಹುರುಪಾಗುತ್ತಿತ್ತು.

ಇಷ್ಟೂ ದಿನ ದವಾಖಾನೆಗೆ ನಾನು ಒಬ್ಬನೇ ಹೋಗುತ್ತಿದ್ದೆ, ಇಲ್ಲವೇ ನದಾಫನ ಜೊತೆ. ಸುವರ್ಣಾ “ನಾನೂ ಬರ್ತೇನ್ರಿ” ಎಂದಾಗಲೆಲ್ಲ ಬೇಡವೆಂದೆ. ಅವಳ ಅಡುಗೆಯ ಬಗ್ಗೆ ಡಾಕ್ಟರ ಮುಂದೆ ಮಾತಾಡುವಾಗ ಅವಳು ಎದುರಿಗಿರುವುದು ನನಗೆ ಸರಿಯೆನಿಸುತ್ತಿರಲಿಲ್ಲ.

ಒಂದು ದಿನ ಸ್ಟಿರಾಯ್ಡ್ ಗುಳಿಗೆಯನ್ನು ಬಿಟ್ಟೇಬಿಟ್ಟೆ. ಯಾರಿಗೂ ಹೇಳಲಿಲ್ಲ. ಬಾವಿಗೆ ಗುಳಿಗೆಯೇ ಕಾರಣವಿರಬಹುದು ಎಂಬ ಹೊಸ ಸಂಶಯ ಹೊಕ್ಕಿತ್ತು. ಕೆಲವೇ ದಿನಗಳಲ್ಲಿ ಕೈಕಾಲಿನ ಶಕ್ತಿಯೆಲ್ಲ ಸೋರಿ ಹೋಯಿತು. ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಕಂಬಿ ಹಿಡಿದುಕೊಂಡೇ ಕುಸಿದೆ. ಡಾಕ್ಟರು ಮೊದಲ ಸಲ ದನಿ ಏರಿಸಿದರು. “ಓಡೂ ಬಸ್ಸಿನಿಂದ ಜಿಗೀತಾರೇನ್ರಿ? ನಿಮಗ ಗೊತ್ತಿರಬೇಕಲ್ಲ. ಇದನ್ನ ಬಿಡೂದಿದ್ರ ಸಾವಕಾಶ ಕಡಿಮಿ ಮಾಡ್ಕೋತ ಬಿಡಬೇಕು. ಒಮ್ಮೆಲೆ ಬಿಟ್ರ ಜೀವಕ್ಕ ಸಂಚಕಾರ.” ಮತ್ತೆ ಶುರು ಮಾಡಿದೆ. ಇದ್ದರೂ ಕಷ್ಟ, ಬಿಟ್ಟರೂ ಕಷ್ಟ ಎನ್ನುವ ಔಷಧವನ್ನು ನಾನು ಹೇಗೆ ನಂಬಲಿ? ಅವರು ಹೇಳಿದ್ದು ಸರಿಯೇ ಆಗಿತ್ತು. ಆದರೂ ಆ ದಿನ ಅವರ ಮೇಲೆ ನನಗೆ ಹುಟ್ಟಿದ್ದು ಸಿಟ್ಟು.

ಇದನ್ನೆಲ್ಲ ಇಳಕಲ್ಲಿನ ನನ್ನ ಅಕ್ಕ ಫೋನಿನಲ್ಲಿ ಕೇಳಿಸಿಕೊಂಡಳು. ಅವಳದು ನನಗಿಂತ ಒಂದು ಕೈ ಮೇಲು.

“ಬಸು, ಸಿಟ್ಟಾಗಬ್ಯಾಡ. ಯಾರೋ ನಿನಗ ಮದ್ದು ಹಾಕ್ಯಾರ.”

ಮದ್ದು ಹಾಕುವುದೆಂದರೆ ಊಟದಲ್ಲೋ ಚಹಾದಲ್ಲೋ ಏನೋ ಬೆರೆಸಿ ತಿನ್ನಿಸುವುದು. ತಿಂದವನು ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡು ದಿನೇ ದಿನೇ ಸೊರಗುತ್ತಾನೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ. ಕುಳಗೇರಿ ಕ್ರಾಸಿನಿಂದ ಸ್ವಲ್ಪ ಒಳಗೆ ಅಂಥವನೊಬ್ಬನಿದ್ದ. ನಗಬೇಕಾದ ನಾನು ಹೋದೆ. ಗಂಟಲು ಮುಚ್ಚುವ ಭಯವನ್ನು ಅಷ್ಟು ದಿನ ಹೊತ್ತುಕೊಂಡು ತಿರುಗಿದವನಿಗೆ ಯಾವ ಬಾಗಿಲಾದರೂ ಆದೀತು ಎನಿಸಿಬಿಡುತ್ತದೆ.

ಅವನು ಕಹಿ ರಸ ಕುಡಿಸಿದ. ಕರುಳು ಬಾಯಿಗೆ ಬರುವಂತೆ ವಾಂತಿಯಾಯಿತು. ನಾನು ಬಗ್ಗಿ ಕಕ್ಕುತ್ತಿರುವಾಗ ಅವನ ಎಡಗೈ ತೊಡೆಯ ಕೆಳಗೆ ಹೋಗಿ ಬಂದದ್ದನ್ನು ನೋಡಿದೆ. ನೋಡದೆ ಇರಲು ನನಗೆ ಬರುವುದಿಲ್ಲ. ಮಣ್ಣಿನ ತಟ್ಟೆಯಲ್ಲಿ ಕೂದಲು ಸುತ್ತಿದ ಕರೀ ಉಂಡೆ ತೋರಿಸಿ “ಇಕಾ, ಇದ ನೋಡ್ರಿ” ಎಂದ. “ಎಡಗೈ ತಗಿ” ಎಂದೆ. ಅವನು ತೆಗೆಯಲಿಲ್ಲ. ಜೊತೆಗೆ ಬಂದಿದ್ದ ನದಾಫ್ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದ. “ನಡಿ ಮಾರಾಯ. ಇಂವನ ಮ್ಯಾಲೆ ಕೇಸ್ ಹಾಕಾಕ ನಮಗ ಅಧಿಕಾರ ಇಲ್ಲ.”

ಇಬ್ಬರೂ ನಕ್ಕೆವು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಅಕ್ಕ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ವಾರದೊಳಗೆ ಅದು ಸುವರ್ಣಾಳ ಕಿವಿ ಮುಟ್ಟಿತು. ನಾನು ಊಟಕ್ಕೆ ಕೂತಿದ್ದೆ. ಅವಳು ಅನ್ನ ಬಡಿಸಿ, ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು.

“ಮದ್ದು ತಗಸಾಕ ಹೋಗಿದ್ರಂತಲ್ಲ?”

“ಅಕ್ಕ ಅಂದ್ಲು ಅಂತ ಹೋಗಿದ್ದೆ. ಅಂವಾ ಕಳ್ಳ.”

“ಅಂವಾ ಕಳ್ಳ ಅಂತ ಗೊತ್ತಾತು. ಗೊತ್ತಾಗೂ ಮೊದಲ ಹೋಗಿದ್ರಲ್ಲ, ಯಾರ ಹಾಕ್ಯಾರ ಅಂತ ಹೋಗಿದ್ರಿ? ಈ ಮನ್ಯಾಗ ಅಡಗಿ ಮಾಡಾಕಿ ನಾ ಒಬ್ಬಾಕಿನ ಅದೇನಿ.”

ಅವಳು ಸಾರು ಬಡಿಸಿ ಒಳಗೆ ಹೋದಳು. ಅಳುವ ಸದ್ದು ಕೇಳಿಸೀತೆಂದು ಕಾದೆ. ಪಾತ್ರೆ ತೊಳೆಯುವ ಸದ್ದು ಮಾತ್ರ ಬಂತು.

ಆ ಚಳಿಗಾಲದಲ್ಲಿ ಅಕ್ಕನ ಸೊಸೆಗೆ ಇಳಕಲ್ಲಿನಲ್ಲಿ ಕುಬಸದ ಕಾರ್ಯಕ್ರಮವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ, ಹಾಡಿ, ಉಣ್ಣಿಸುವ ದಿನ. ಸುವರ್ಣಾ ಬರುವುದಿಲ್ಲವೆನ್ನಬಹುದಿತ್ತು, ಅನ್ನಲಿಲ್ಲ. ಟೋಪ ಸೆರಗಿನ ಇಳಕಲ್ ಸೀರೆ ಉಟ್ಟು, ನನಗೆಂದು ಬರೀ ಅನ್ನ, ಉಪ್ಪು, ತುಪ್ಪದ ಡಬ್ಬಿ ಕಟ್ಟಿಕೊಂಡು ಬಂದಳು. ಬೆಳಿಗ್ಗೆ ಬೇಗ ಬಾಗಲಕೋಟೆ ಬಿಟ್ಟೆವು. ಇಳಕಲ್ಲಿನಲ್ಲಿ ಇಳಿದು ಅಕ್ಕನ ಮನೆ ಸೇರಿ, ಅಲ್ಲಿ ಒಂದು ಗುಟುಕು ನೀರನ್ನೂ ಕುಡಿಯದೆ ಪಡಸಾಲೆಯಲ್ಲಿ ಕೂತೆ. ಒಳಗೆ ಹೆಣ್ಣುಮಕ್ಕಳು ಹಾಡುತ್ತಿದ್ದರು.

ನಾಲಿಗೆ ಭಾರವಾದಂತಾಯಿತು. ಉಗುಳು ನುಂಗಲು ಹೋದರೆ ಇಳಿಯಲಿಲ್ಲ. ಎದ್ದು ನಿಂತು ಸುವರ್ಣಾಳನ್ನು ಕರೆದೆ. ಬಾಯಿಂದ ಬಂದದ್ದು ಅವಳ ಹೆಸರಾಗಿರಲಿಲ್ಲ. ಒಳಗಿನ ಹಾಡು ನಿಂತಿತು. “ಏನ ತಿಂದಾ? ಯಾರ ಏನ ಕೊಟ್ರು?” ಎಂದು ಅಕ್ಕ ಕೂಗಿದಳು. ಯಾರೂ ಏನೂ ಕೊಟ್ಟಿರಲಿಲ್ಲ. ಡಬ್ಬಿಯ ಗಂಟು ಬಿಚ್ಚಿರಲಿಲ್ಲ. ಅಕ್ಕನ ಮಗ ಬೈಕು ತೆಗೆದ. ನಾನು ನಡುವೆ, ಹಿಂದೆ ಸುವರ್ಣಾ ಕೂತು ನನ್ನನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಳು. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನಾನು ಸಾಯುತ್ತಿದ್ದೇನೆ ಎಂದು ಗೊತ್ತಾಯಿತು. ಕಾರಣ ತಿಳಿಯದೆಯೇ ಸಾಯುತ್ತಿದ್ದೇನಲ್ಲ ಎಂಬ ಹಟಮಾರಿ ಬೇಸರವೂ ಅದರ ಜೊತೆಗಿತ್ತು.

ದವಾಖಾನೆಯಲ್ಲಿ ಮಲಗಿಸಿ ಮುಖಕ್ಕೆ ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಅಲ್ಲಿದ್ದದ್ದು ಹರೆಯದ ಡಾಕ್ಟರು. ಬಾಯಿ ತೆರೆಸಿ ನೋಡಿ, ಗಂಟಲಿಗೆ ನಳಿಕೆ ಇಳಿಸಬೇಕಾದೀತು, ಎಲ್ಲ ತಯಾರಿಟ್ಟುಕೊಳ್ಳಿ ಎಂದು ನರ್ಸಿಗೆ ಹೇಳಿದರು. ಆ ಮೇಲೆ ನನ್ನ ಕಡೆ ಬಗ್ಗಿ ಕೇಳತೊಡಗಿದರು. ನಾಲಿಗೆ ಬಾಯಿ ತುಂಬಿಕೊಂಡಿತ್ತು; ನನಗೆ ಮಾತಾಡಲು ಬರಲಿಲ್ಲ. ಹೀಗಾಗಿ ಅವರು ಸುವರ್ಣಾಳ ಕಡೆ ತಿರುಗಿದರು.

“ದಿನಾ ಏನೇನ ಗುಳಿಗಿ ತಗೋತಾರ್ರಿ ಇವರು?”

“ಅಲರ್ಜಿದು ಎರಡ್ರಿ, ಹೊಟ್ಟಿ ಉರಿದೊಂದು” ಎಂದು ಶುರು ಮಾಡಿದಳು. “ಮತ್ತ ಬಿ.ಪಿ.ದು ಒಂದ್ರಿ.”

ನಾನು ಮಲಗಿದ್ದಲ್ಲೇ ತಲೆ ಅಲ್ಲಾಡಿಸಿದೆ. ಅದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕಿತ್ತು.

“ಬಿ.ಪಿ.ದು ಯಾವ ಗುಳಿಗಿ?”

ಅವಳು ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಕೊಟ್ಟಳು. ಬೆಳಿಗ್ಗೆ ಅವಸರದಲ್ಲಿ ಹೊರಟದ್ದರಿಂದ ಅದನ್ನು ಬಸ್ಸಿನಲ್ಲೇ ನನಗೆ ನುಂಗಿಸಿದ್ದಳು, ಹಾಗಾಗಿ ಚೀಲದಲ್ಲೇ ಇತ್ತು. ಡಾಕ್ಟರು ಹಿಂದೆ ತಿರುಗಿಸಿ ಹೆಸರು ಓದಿದರು.

“ಎಷ್ಟು ವರ್ಷ ಆತು ಇದು?”

“ಭಾಳ ವರ್ಷ ಆತ್ರಿ. ಮುಂಜಾನೆ ಚಹಾದ ಜೋಡಿ ನಾನ ದಿನಾ ಕೈಯಾಗ ಕೊಡ್ತೇನಿ.”

“ಇನ್ನ ಕೊಡಬ್ಯಾಡ್ರಿ. ಈ ಬಾವು ಇದರಿಂದನ ಇರಬೇಕು.”

ಅವಳ ಮುಖ ಬಿಳಿಚಿತು. ಅದನ್ನು ನಾನು ಆ ಸ್ಥಿತಿಯಲ್ಲೂ ಕಂಡೆ.

ಬಸ್ಸಿನಲ್ಲಿ ನಾವು ಕೇಳದೆ ಬಿಡುವ ಒಂದು ಜಾತಿಯ ಪ್ರಯಾಣಿಕರಿದ್ದಾರೆ. ಕೈ ಚಾಚಿದರೆ ಮೆಲ್ಲಗೆ “ಸ್ಟಾಫ್” ಎನ್ನುತ್ತಾರೆ. ಡಿಪೋದ ಮೆಕ್ಯಾನಿಕ್ಕೋ ರಜೆಯಲ್ಲಿ ಊರಿಗೆ ಹೊರಟ ಡ್ರೈವರೋ ಇರುತ್ತಾನೆ. ಪಾಸು ನೋಡಬೇಕೆಂಬ ನಿಯಮವಿದೆ. ಆದರೆ ದಿನಾ ಕಾಣುವ ಮುಖಕ್ಕೆ ಪಾಸು ಕೇಳಿದರೆ ಅವನಿಗೂ ಅವಮಾನ, ನಮಗೂ ಸಣ್ಣತನ. ತಲೆಯಾಡಿಸಿ ಮುಂದಿನ ಸೀಟಿಗೆ ಹೋಗುತ್ತೇವೆ. ಬಿ.ಪಿ. ಗುಳಿಗೆ ನನಗೆ ಹಾಗೆಯೇ ಆಗಿತ್ತು. ಡಿಪೋದ ಆರೋಗ್ಯ ತಪಾಸಣೆಯಲ್ಲಿ ಎಂದೋ ಬರೆದುಕೊಟ್ಟದ್ದು. ಚಹಾ, ಅದರ ಜೊತೆ ಅದು. ನಮ್ಮಲ್ಲಿ ಬಿ.ಪಿ. ಗುಳಿಗೆಯನ್ನು ಔಷಧವೆಂದು ಎಣಿಸುವವರು ಯಾರಿದ್ದಾರೆ? ಬೇರೆ ಔಷಧ ಏನಿದೆ ಎಂದು ಕೇಳಿದಾಗ ಏನಿಲ್ಲ ಎಂದದ್ದು ಸುಳ್ಳಲ್ಲ, ಅದು ನನ್ನ ತಲೆಗೆ ಬರಲೇ ಇಲ್ಲ. ಶೇಂಗಾವನ್ನು, ಮೊಸರನ್ನು, ಡಾಕ್ಟರನ್ನು, ಹೆಂಡತಿಯನ್ನು ತಡವಿ ನೋಡಿದವನು ಅದನ್ನು ಮಾತ್ರ ಸ್ಟಾಫ್ ಎಂದು ಬಿಟ್ಟಿದ್ದೆ.

ನಳಿಕೆ ಇಳಿಸುವ ಪ್ರಸಂಗ ಬರಲಿಲ್ಲ. ಅಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕರೆತಂದರು. ದಾರಿಯುದ್ದಕ್ಕೂ ಸುವರ್ಣಾ ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಮರುದಿನ ಬಾವು ಇಳಿದ ಮೇಲೆ ನಮ್ಮ ಹಳೆಯ ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಧೂಳಿನ ಅಲರ್ಜಿ ಬೇರೆ, ಈ ಬಾವು ಬೇರೆ ಎಂದರು. ಲಕ್ಷಗಟ್ಟಲೆ ಜನರಿಗೆ ಒಳ್ಳೆಯದನ್ನೇ ಮಾಡುವ ಆ ಗುಳಿಗೆ ಯಾರೋ ಒಬ್ಬಿಬ್ಬರಿಗೆ ಹೀಗೆ ಮಾಡುತ್ತದಂತೆ, ವರ್ಷಗಳ ಮೇಲೂ. ಅಲರ್ಜಿಯ ಗುಳಿಗೆಗೆ ಅದು ಜಗ್ಗುವುದಿಲ್ಲವಂತೆ. “ನೀವು ಹೇಳಿದ್ರ ನನಗ ಅವತ್ತ ಗೊತ್ತಾಗ್ತಿತ್ತು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಬಿ.ಪಿ.ಗೆ ಬೇರೆ ಜಾತಿಯ ಗುಳಿಗೆ ಬರೆದರು. ಸ್ಟಿರಾಯ್ಡನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಹೋಗೋಣ ಎಂದರು. ಹಳೆಯದನ್ನು ಬಿಟ್ಟ ಮೇಲೂ ಕೆಲವು ವಾರ ಬಾವು ಬರಬಹುದು, ಹೆದರಬೇಡಿ, ಆದರೆ ಉದಾಸೀನ ಮಾಡಬೇಡಿ ಎಂದರು.

ಸುದ್ದಿ ಕೇಳಿದ ನದಾಫ್ ಮರುದಿನವೇ ತನ್ನ ಬಿ.ಪಿ. ಗುಳಿಗೆಯನ್ನು ಚರಂಡಿಗೆ ಎಸೆದ. ಅವನನ್ನು ನೋಡಿ ಡಿಪೋದ ಇನ್ನೂ ಕೆಲವರು ಬಿಟ್ಟರು. ನದಾಫ್ ಕುಳಗೇರಿ ಕ್ರಾಸಿನಲ್ಲಿ ತಲೆ ತಿರುಗಿ ಕೂತ ಮೇಲೆ ಅವನನ್ನು ನಾನೇ ದವಾಖಾನೆಗೆ ಎಳೆದುಕೊಂಡು ಹೋದೆ. ಅವನದು ಬೇರೆಯದೇ ಗುಳಿಗೆಯಾಗಿತ್ತು, ಅದರಿಂದ ಅವನಿಗೆ ಏನೂ ತೊಂದರೆ ಇರಲಿಲ್ಲ. ಇದನ್ನು ಓದಿ ಯಾರೂ ನದಾಫನಂತೆ ಮಾಡಬಾರದು. ಗುಳಿಗೆಯ ಮೇಲೆ ಸಂಶಯ ಬಂದರೆ ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಎಲ್ಲವನ್ನೂ ಮೇಜಿನ ಮೇಲೆ ಸುರಿದು ಕೇಳಿ. ಬಯ್ದರೆ ಬಯ್ಯಲಿ.

ಒಂದೆರಡು ಸಲ ತುಟಿ ಸ್ವಲ್ಪ ಬಾತು ಇಳಿಯಿತು, ಆ ಮೇಲೆ ನಿಂತಿತು. ನಿಂತಿದೆ ಎಂದು ನಂಬಲು ನನಗೆ ಬಹಳ ಕಾಲ ಬೇಕಾಯಿತು. ಸ್ಟಿರಾಯ್ಡ್ ಈಗಿಲ್ಲ. ಮುಖ ಮತ್ತೆ ಫೋಟೊದ ಮುಖಕ್ಕೆ ಹತ್ತಿರವಾಗಿದೆ. ಓಣಿಯವರು “ಯಾಕ್ರಿ, ಸೊರಗೀರಲ್ಲ” ಎಂದು ಮರುಗುತ್ತಾರೆ. ಧೂಳಿಗೆ ಸೀನು ಇದ್ದೇ ಇದೆ, ಅದಕ್ಕೆ ಬೇಕಾದಾಗ ಸಣ್ಣ ಗುಳಿಗೆ. ಸಕ್ಕರೆಯ ಪರೀಕ್ಷೆ ಆಗಾಗ ಮಾಡಿಸಬೇಕು. ಔಷಧದಿಂದ ಪೂರಾ ಬಿಡುಗಡೆ ನನಗೆ ಸಿಗಲಿಲ್ಲ.

ಮನೆಯಲ್ಲಿ ಮಾತ್ರ ಒಂದು ಸಂಗತಿ ಬದಲಾಗಿತ್ತು. ದವಾಖಾನೆಯಿಂದ ಬಂದ ಮರುದಿನ ಬೆಳಿಗ್ಗೆ ಸುವರ್ಣಾ ಚಹಾ ತಂದಿಟ್ಟು ಒಳಗೆ ಹೋದಳು. ಹೊಸ ಗುಳಿಗೆಯ ಪಟ್ಟಿ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

“ಗುಳಿಗಿ ಕೊಡಲಿಲ್ಲಲ್ಲ?” ಎಂದೆ.

“ನೀವ ತಗೋರಿ.”

“ಯಾಕ?”

ಅವಳು ಬಾಗಿಲಿಗೆ ಬಂದು ನಿಂತಳು. “ಅಕ್ಕಾರು ಹೇಳಿದ್ದು ಖರೆ ಆತಲ್ರಿ. ದಿನಾ ಮುಂಜಾನೆ ನಾನ ನನ್ನ ಕೈಯಿಂದ ಕೊಟ್ಟೇನಿ. ಇಷ್ಟು ವರ್ಷ. ಮರತಿದ್ರ ನೆನಪ ಮಾಡಿ ಕೊಟ್ಟೇನಿ. ಬಸ್ಸಿನ್ಯಾಗ ಸುದ್ದಾ ಬಾಟ್ಲಿ ನೀರ ಹಿಡದ ನುಂಗಿಸೇನಿ.” ತನ್ನ ಅವ್ವ ತೀರಿದಾಗಲೂ ಅಷ್ಟು ಅತ್ತಿರಲಿಲ್ಲ ಅವಳು, ಆಗ ಅತ್ತಳು.

ಇಷ್ಟು ದಿನ ನಾನು ಅವಳನ್ನು ಅನುಮಾನಿಸಿದೆನೆಂದು ಅವಳು ನೊಂದಿದ್ದಾಳೆ ಎಂದು ಮಾತ್ರ ತಿಳಿದಿದ್ದೆ. ಅವಳು ತನ್ನನ್ನೇ ಅನುಮಾನಿಸಿಕೊಳ್ಳುತ್ತಿದ್ದಾಳೆ ಎಂಬುದು ನನಗೆ ಹೊಳೆದಿರಲಿಲ್ಲ. ಡಾಕ್ಟರು ಬರೆದದ್ದು, ನೀನೇನು ಮಾಡುತ್ತೀ ಎಂದೆ. ನಿನ್ನಿಂದಲೇ ಉಳಿದೆ, ನೀನು ಬಾಯಿ ಬಿಡದಿದ್ದರೆ ಆ ಡಾಕ್ಟರಿಗೆ ಗೊತ್ತಾಗುತ್ತಿರಲಿಲ್ಲ ಎಂದೆ. ಖರೆಯನ್ನೇ ಹೇಳುತ್ತಿದ್ದೆ, ಅದು ಅವಳಿಗೆ ತಲುಪುತ್ತಿರಲಿಲ್ಲ. ಕೊನೆಗೆ ಪಟ್ಟಿಯನ್ನು ತಗೊಂಡು ಹೋಗಿ ಅವಳ ಕೈಯಲ್ಲಿಟ್ಟೆ.

“ನೀ ಕೊಟ್ರ ನುಂಗ್ತೇನಿ. ಇಲ್ಲಂದ್ರ ಇಲ್ಲ.”

“ಹಟಾ ಮಾಡಬ್ಯಾಡ್ರಿ.”

“ಕೊಡು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಡಾಕ್ಟರ ಚೀಟಿ ತಂದು ಹೆಸರಿನ ಒಂದೊಂದೇ ಅಕ್ಷರ ಹೊಂದಿಸಿ ಓದಿದಳು. ಗುಳಿಗೆ ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನುಂಗಿದೆ. ಆ ಮೇಲೆ ಎದುರಿಗೆ ನಿಂತು ನನ್ನ ತುಟಿಯನ್ನೇ ನೋಡತೊಡಗಿದಳು.

“ಏನೂ ಆಗಾಂಗಿಲ್ಲ, ಹೋಗು” ಎಂದೆ. “ಹಂಚಿನ ಮ್ಯಾಲೆ ರೊಟ್ಟಿ ಐತಿ.”

ಒಳಗಿನಿಂದ ಸೀದ ವಾಸನೆ ಬಂತು. ಅವಳು ಕದಲಲಿಲ್ಲ.